ತಾಯಿಯ ತಲೆಯ ಮೇಲಿನ ಹೊರೆ ಇಳಿಸಿದ ನೆಟ್ಟಿ ಸ್ಟೀವನ್ಸ್

ಹೆಣ್ಣು ಮಗು ಹುಟ್ಟಿದರೆ ತಾಯಿ ಕಾರಣ. ಆ ಮಗು ದೊಡ್ಡವಳಾದ ಮೇಲೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗದಿದ್ದರೆ, ಮುಖದ ಮೇಲೆ ಕೂದಲು ಬಂದರೆ, ಡಾಕ್ಟರು ಪಿಸಿಓಡಿ ಎಂದು ಚೀಟಿ ಬರೆದರೆ ಅದಕ್ಕೂ ತಾಯಿಯೇ ಕಾರಣ, ತಾಯಿಯ ತವರಿನ ರಕ್ತವೇ ಕಾರಣ. ಈ ಮಾತುಗಳನ್ನು ಕೇಳದ ಮನೆ ನಮ್ಮಲ್ಲಿ ಕಡಿಮೆ. ನಮ್ಮ ಮಹಿಳಾ ವಿಭಾಗದ ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆದುಕೊಡಿ ಎಂದು ಸಂಪಾದಕಿಯರು ಕೇಳಿದಾಗ ನನಗೆ ಥಟ್ಟನೆ ಹೊಳೆದ ಹೆಸರು ನೆಟ್ಟಿ ಮರಾಯಾ ಸ್ಟೀವನ್ಸ್. ಅಮೆರಿಕದವರು, ತೀರಿಕೊಂಡು ನೂರು ವರ್ಷಕ್ಕೂ ಮೇಲಾಯಿತು. ಮಗು ಹೆಣ್ಣೋ ಗಂಡೋ ಎಂಬುದು ಯಾವುದರಿಂದ ನಿರ್ಧಾರವಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡು ಲೋಕಕ್ಕೆ ತೋರಿಸಿದವರು ಅವರು.

ಮುಂಬಯಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳ ಪಾಠ ಪ್ರತಿವರ್ಷ ಬರುತ್ತಿತ್ತು. ಮೆಂಡೆಲ್ ಬರುತ್ತಿದ್ದರು, ಮಾರ್ಗನ್ ಬರುತ್ತಿದ್ದರು. ನೆಟ್ಟಿಯವರನ್ನು ಮಾತ್ರ ನಾನೇ ಕರೆತಂದು ಹುಡುಗಿಯರಿಗೆ ಪರಿಚಯಿಸಬೇಕಾಗುತ್ತಿತ್ತು. ಇಂದು ನಿಮ್ಮೆಲ್ಲರಿಗೂ ಪರಿಚಯಿಸುವ ಅವಕಾಶ ಸಿಕ್ಕಿದೆ.

ಬಡಗಿಯ ಮಗಳು

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಎಂಬ ಸಣ್ಣ ಊರಿನಲ್ಲಿ. ತಂದೆ ಇಫ್ರೈಮ್ ಸ್ಟೀವನ್ಸ್ ಬಡಗಿ ಕೆಲಸ ಮಾಡುತ್ತಿದ್ದರು. ತಾಯಿ ಜೂಲಿಯಾ, ನೆಟ್ಟಿಗೆ ಎರಡು ವರ್ಷವಾಗುವ ಹೊತ್ತಿಗೆ ತೀರಿಕೊಂಡರು. ತಂದೆ ಮತ್ತೆ ಮದುವೆಯಾಗಿ ಸಂಸಾರವನ್ನು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫರ್ಡ್‌ಗೆ ಕರೆದುಕೊಂಡು ಹೋದರು. ನೆಟ್ಟಿ ಮತ್ತು ತಂಗಿ ಎಮ್ಮಾ ಬೆಳೆದದ್ದು ಅಲ್ಲಿಯೇ.

ಆ ಕಾಲದಲ್ಲಿ ಅಮೆರಿಕದಲ್ಲಿಯೂ ಓದಿದ ಹೆಣ್ಣುಮಗಳಿಗೆ ಇದ್ದ ದಾರಿಗಳು ಕೆಲವೇ. ಟೀಚರ್ ಆಗುವುದು, ನರ್ಸ್ ಆಗುವುದು, ಆಫೀಸಿನಲ್ಲಿ ಬರೆಯುವ ಕೆಲಸ ಹಿಡಿಯುವುದು. ನೆಟ್ಟಿ ಟೀಚರ್ ಆದರು. 1880ರಲ್ಲಿ ವೆಸ್ಟ್‌ಫರ್ಡ್ ಅಕಾಡೆಮಿಯಲ್ಲಿ ಶಾಲೆ ಮುಗಿಸಿ ನ್ಯೂ ಹ್ಯಾಂಪ್‌ಷೈರ್‌ನ ಲೆಬನಾನ್ ಊರಿನ ಹೈಸ್ಕೂಲಿನಲ್ಲಿ ಕೆಲವು ಕಾಲ ಪಾಠ ಹೇಳಿದರು. ಆಮೇಲೆ ಟೀಚರ್ ತರಬೇತಿಗೆ ವೆಸ್ಟ್‌ಫೀಲ್ಡ್‌ನ ನಾರ್ಮಲ್ ಸ್ಕೂಲ್ ಸೇರಿ, ನಾಲ್ಕು ವರ್ಷದ ಪಾಠವನ್ನು ಎರಡೇ ವರ್ಷದಲ್ಲಿ ಮುಗಿಸಿ, 1883ರಲ್ಲಿ ತರಗತಿಯಲ್ಲಿಯೇ ಹೆಚ್ಚು ಅಂಕ ತೆಗೆದು ಹೊರಬಂದರು.

ಅಲ್ಲಿಂದ ಮುಂದಿನ ಹದಿಮೂರು ವರ್ಷ ಟೀಚರ್ ಕೆಲಸ, ಗ್ರಂಥಪಾಲಕಿಯ ಕೆಲಸ. ಸಂಬಳದಲ್ಲಿ ಉಳಿಸುವುದು, ಮತ್ತೆ ಉಳಿಸುವುದು. ನಮ್ಮಲ್ಲಿ ಎಷ್ಟೋ ಅಕ್ಕಂದಿರು ತಮ್ಮಂದಿರ ಓದಿಗಾಗಿ ಹೀಗೆ ಚೂರು ಚೂರು ಕೂಡಿಟ್ಟವರಿದ್ದಾರೆ. ನೆಟ್ಟಿ ಕೂಡಿಟ್ಟದ್ದು ತಮ್ಮ ಓದಿಗಾಗಿಯೇ.

1896ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ದೇಶದ ಈ ಕೊನೆಯಿಂದ ಆ ಕೊನೆಗೆ ಹೋಗಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಆಗಷ್ಟೇ ತೆರೆದು ಐದು ವರ್ಷವಾಗಿದ್ದ ವಿಶ್ವವಿದ್ಯಾಲಯ ಅದು, ಮೊದಲ ದಿನದಿಂದಲೇ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿತ್ತು. ಪಕ್ಕದಲ್ಲಿ ಕುಳಿತವರೆಲ್ಲ ತನಗಿಂತ ಹದಿನೈದು ವರ್ಷ ಚಿಕ್ಕವರು. 1899ರಲ್ಲಿ ಪದವಿ, 1900ರಲ್ಲಿ ಸ್ನಾತಕೋತ್ತರ ಪದವಿ. ಬೇಸಿಗೆ ರಜೆಯಲ್ಲಿ ಬೇರೆಯವರು ಮನೆಗೆ ಹೋದರೆ ನೆಟ್ಟಿ ಪೆಸಿಫಿಕ್ ಗ್ರೋವ್‌ನ ಸಮುದ್ರತೀರದ ಪ್ರಯೋಗಾಲಯಕ್ಕೆ ಹೋಗಿ, ಸಮುದ್ರಜೀವಿಗಳ ಮೈಯಲ್ಲಿ ಬದುಕುವ ಏಕಕೋಶ ಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು. ನೋಡಿದ್ದನ್ನು ಗೆರೆ ತಪ್ಪದೆ ಬರೆದಿಡುತ್ತಿದ್ದರು. ಮುಂದೆ ಅವರ ಹೆಸರು ಉಳಿಸಿದ್ದು ಈ ಅಭ್ಯಾಸವೇ.

ಬ್ರಿನ್ ಮಾರ್‌ನಲ್ಲಿ

ಡಾಕ್ಟರೇಟ್ ಪದವಿಗೆ ನೆಟ್ಟಿ ಮತ್ತೆ ಪೂರ್ವ ತೀರಕ್ಕೆ ಬಂದು ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜು ಸೇರಿದರು. ಅದು ಮಹಿಳೆಯರ ಕಾಲೇಜು. ಥಾಮಸ್ ಹಂಟ್ ಮಾರ್ಗನ್ ಅಲ್ಲಿ ಜೀವಶಾಸ್ತ್ರದ ಪ್ರೊಫೆಸರ್. ಅವರಿಗಿಂತ ಮೊದಲು ಅದೇ ಪೀಠದಲ್ಲಿದ್ದವರು ಎಡ್ಮಂಡ್ ಬೀಚರ್ ವಿಲ್ಸನ್, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಾಲೇಜು ಕೊಟ್ಟ ವಿದ್ಯಾರ್ಥಿವೇತನದಲ್ಲಿ ನೆಟ್ಟಿ ಯುರೋಪಿಗೆ ಹೋಗಿ, ಇಟಲಿಯ ನೇಪಲ್ಸ್‌ನ ಪ್ರಾಣಿಶಾಸ್ತ್ರ ಕೇಂದ್ರದಲ್ಲಿಯೂ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ಥಿಯೋಡೋರ್ ಬೊವೇರಿಯವರ ಬಳಿಯೂ ಕೆಲಸ ಮಾಡಿದರು. ಜೀವಕೋಶದೊಳಗಿನ ವರ್ಣತಂತುಗಳೇ ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ಒಯ್ಯುತ್ತವೆ ಎಂದು ಬೊವೇರಿ ಪ್ರಯೋಗಗಳ ಮೂಲಕ ವಾದಿಸುತ್ತಿದ್ದ ಕಾಲ ಅದು. ಮೆಂಡೆಲ್ ಅವರ ಬಟಾಣಿ ಗಿಡಗಳ ನಿಯಮಗಳು ಮೂವತ್ತನಾಲ್ಕು ವರ್ಷ ಮರೆತುಹೋಗಿದ್ದು 1900ರಲ್ಲಿ ಮತ್ತೆ ಬೆಳಕಿಗೆ ಬಂದಿದ್ದವು. ಆದರೆ ಬಟಾಣಿಯ ಲೆಕ್ಕಕ್ಕೂ ಕೋಶದೊಳಗಿನ ದಾರಗಳಿಗೂ ಸಂಬಂಧವಿದೆ ಎಂಬುದನ್ನು ಆಗ ಎಲ್ಲರೂ ಒಪ್ಪಿರಲಿಲ್ಲ.

1903ರಲ್ಲಿ ನೆಟ್ಟಿಗೆ ಡಾಕ್ಟರೇಟ್ ಬಂತು. ವಯಸ್ಸು ನಲವತ್ತೆರಡು. ಪದವಿ ಬಂದರೂ ಹೊಟ್ಟೆಪಾಡಿನ ಚಿಂತೆ ಹೋಗಲಿಲ್ಲ. ಪಾಠದ ಹೊರೆ ಇಲ್ಲದೆ ಸಂಶೋಧನೆ ಮಾಡಲು ಸಹಾಯಧನ ಬೇಕೆಂದು ಕಾರ್ನೆಗಿ ಸಂಸ್ಥೆಗೆ ಅರ್ಜಿ ಹಾಕಿದರು. ಕಳೆದ ಹನ್ನೆರಡು ವರ್ಷಗಳಲ್ಲಿ ತಮ್ಮ ಬಳಿ ಓದಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಇಷ್ಟು ಸಮರ್ಥರಾಗಿ, ಇಷ್ಟು ಸ್ವತಂತ್ರವಾಗಿ ಸಂಶೋಧನೆ ಮಾಡಬಲ್ಲವರು ಇನ್ನೊಬ್ಬರಿಲ್ಲ ಎಂಬ ಅರ್ಥದಲ್ಲಿ ಮಾರ್ಗನ್ ಶಿಫಾರಸು ಬರೆದರು. 1904ರಲ್ಲಿ ಸಹಾಯಧನ ಮಂಜೂರಾಯಿತು. ಹೆಣ್ಣು ಗಂಡು ನಿರ್ಧಾರವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನೆಟ್ಟಿ ಕೈಗೆತ್ತಿಕೊಂಡರು.

ಹಿಟ್ಟಿನ ಹುಳು ಹೇಳಿದ ಸತ್ಯ

ಆಗಿನ ವಿಜ್ಞಾನಿಗಳು ಈ ಪ್ರಶ್ನೆಗೆ ಕೊಡುತ್ತಿದ್ದ ಉತ್ತರಗಳನ್ನು ಓದಿದರೆ ನಮ್ಮ ಅಜ್ಜಿಯರ ಮಾತು ನೆನಪಾಗುತ್ತದೆ. ಬಸುರಿಯಾದಾಗ ತಾಯಿ ಏನು ತಿಂದಳು, ಎಷ್ಟು ಪುಷ್ಟಿಯಾಗಿದ್ದಳು, ಹವೆ ಬಿಸಿಯಿತ್ತೋ ತಂಪಾಗಿತ್ತೋ ಎಂಬುದರ ಮೇಲೆ ಮಗುವಿನ ಲಿಂಗ ನಿಂತಿದೆ ಎಂದು ದೊಡ್ಡ ದೊಡ್ಡ ಪ್ರೊಫೆಸರುಗಳೇ ಬರೆಯುತ್ತಿದ್ದರು. ಅಂದರೆ ಎಲ್ಲವೂ ತಾಯಿಯ ಒಡಲಿನ ಲೆಕ್ಕಕ್ಕೇ ಬೀಳುತ್ತಿತ್ತು. ಕೀಟಗಳ ವೀರ್ಯಾಣುಗಳಲ್ಲಿ ಒಂದು ವಿಚಿತ್ರ ವರ್ಣತಂತುವನ್ನು ಜರ್ಮನಿಯ ಹೆನ್‌ಕಿಂಗ್ 1891ರಲ್ಲಿ ಕಂಡು, ಅದೇನೆಂದು ತಿಳಿಯದೆ ಅದಕ್ಕೆ ಎಕ್ಸ್ ಎಂಬ ಗುರುತು ಇಟ್ಟಿದ್ದರು. ಅಮೆರಿಕದ ಮೆಕ್‌ಕ್ಲಂಗ್ ಅದಕ್ಕೂ ಲಿಂಗಕ್ಕೂ ಸಂಬಂಧವಿರಬೇಕು ಎಂದು ಊಹಿಸಿದರು. ಆದರೆ ಅದು ಗಂಡು ಮಾಡುವ ವರ್ಣತಂತು ಎಂದು ತಲೆಕೆಳಗಾಗಿ ತಿಳಿದಿದ್ದರು.

ನೆಟ್ಟಿ ಹಲವು ಕೀಟಗಳನ್ನು ನೋಡಿದರು. ಅವುಗಳಲ್ಲಿ ಉತ್ತರ ಕೊಟ್ಟದ್ದು ಟೆನೆಬ್ರಿಯೊ ಮಾಲಿಟರ್ ಎಂಬ ಹಿಟ್ಟಿನ ಹುಳು. ಮಳೆಗಾಲದಲ್ಲಿ ನಮ್ಮ ಗೋಧಿಹಿಟ್ಟಿನ ಡಬ್ಬಿಯಲ್ಲಿ ಕಾಣಿಸಿಕೊಳ್ಳುವ ಕಂದು ಹುಳು ಇದೆಯಲ್ಲ, ಅದರ ಕುಟುಂಬದ್ದೇ, ಗಾತ್ರದಲ್ಲಿ ದೊಡ್ಡದು.

ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ಹುಳುವಿನ ಒಳಗಿನ ಸಾಸಿವೆಗಿಂತ ಸಣ್ಣ ಅಂಗವನ್ನು ಬಿಡಿಸಿ ತೆಗೆಯಬೇಕು. ಅದು ಕೆಡದಂತೆ ರಾಸಾಯನಿಕದಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆಯಬೇಕು. ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣ ಹಾಕಬೇಕು. ಬಣ್ಣ ಹಿಡಿಯುವ ದಾರಗಳಾದ್ದರಿಂದಲೇ ಅವಕ್ಕೆ ವರ್ಣತಂತು ಎಂದು ಹೆಸರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಎಣಿಸಿ, ಗಾತ್ರ ಹೋಲಿಸಿ, ಕೈಯಿಂದ ಚಿತ್ರ ಬರೆಯಬೇಕು. ಒಂದು ಕೋಶ ನೋಡಿದರೆ ಸಾಲದು. ನೂರಾರು ನೋಡಿದ ಮೇಲೆ ಮಾತ್ರ ಕಂಡದ್ದು ನಿಜವೋ ಕಣ್ಣಿನ ಭ್ರಮೆಯೋ ತಿಳಿಯುತ್ತದೆ.

ಹೀಗೆ ಎಣಿಸಿದಾಗ ನೆಟ್ಟಿ ಕಂಡದ್ದು ಇಷ್ಟು. ಹೆಣ್ಣು ಹುಳುವಿನ ಕೋಶಗಳಲ್ಲಿ ಇಪ್ಪತ್ತು ದೊಡ್ಡ ವರ್ಣತಂತುಗಳು. ಗಂಡು ಹುಳುವಿನ ಕೋಶಗಳಲ್ಲಿಯೂ ಇಪ್ಪತ್ತೇ, ಆದರೆ ಹತ್ತೊಂಬತ್ತು ದೊಡ್ಡವು, ಒಂದು ಮಾತ್ರ ಪುಟ್ಟದು. ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ಈ ಸಂಖ್ಯೆ ಅರ್ಧವಾಗುತ್ತದೆ. ಹಾಗಾದಾಗ ಹೆಣ್ಣಿನ ಎಲ್ಲ ಅಂಡಾಣುಗಳಲ್ಲಿಯೂ ಹತ್ತು ದೊಡ್ಡವೇ ಇರುತ್ತವೆ, ಅಂಡಾಣುಗಳೆಲ್ಲ ಒಂದೇ ಬಗೆ. ವೀರ್ಯಾಣುಗಳು ಮಾತ್ರ ಎರಡು ಬಗೆ. ಅರ್ಧದಷ್ಟರಲ್ಲಿ ಹತ್ತು ದೊಡ್ಡವು, ಇನ್ನರ್ಧದಲ್ಲಿ ಒಂಬತ್ತು ದೊಡ್ಡವು ಮತ್ತು ಆ ಒಂದು ಪುಟ್ಟದು. ಮೊದಲ ಬಗೆಯ ವೀರ್ಯಾಣು ಅಂಡಾಣುವನ್ನು ಸೇರಿದರೆ ಇಪ್ಪತ್ತು ದೊಡ್ಡವು ಕೂಡಿ ಹೆಣ್ಣು. ಎರಡನೆಯ ಬಗೆಯದು ಸೇರಿದರೆ ಗಂಡು.

ಅಡುಗೆಮನೆಯ ಲೆಕ್ಕದಷ್ಟು ಸರಳ. ತಾಯಿಯಿಂದ ಬರುವುದು ಪ್ರತಿಸಲವೂ ಒಂದೇ ಬಗೆಯಾದರೆ, ವ್ಯತ್ಯಾಸ ಬರುವುದು ತಂದೆಯ ಕಡೆಯಿಂದಲೇ ಆಗಬೇಕು. ಅದೂ ತಂದೆಯ ಇಚ್ಛೆಯಿಂದಲ್ಲ, ಯಾವ ವೀರ್ಯಾಣು ಮೊದಲು ಸೇರಿತು ಎಂಬುದರಿಂದ. ಈ ಕೆಲಸ 1905ರಲ್ಲಿ ಕಾರ್ನೆಗಿ ಸಂಸ್ಥೆಯ ಪ್ರಕಟಣೆಯಾಗಿ ಹೊರಬಂತು. ಆ ಪುಟ್ಟ ವರ್ಣತಂತುವಿಗೆ ವೈ ಎಂಬ ಹೆಸರು ಬಂದದ್ದು ಆಮೇಲೆ. ಹೆಸರಿಡುವ ಮೊದಲೇ ನೆಟ್ಟಿ ಅದರ ಕೆಲಸವನ್ನು ತಿಳಿದಿದ್ದರು.

ಇಲ್ಲಿ ನನ್ನದೊಂದು ಮಾತು. ನಾವು ಧಾರವಾಡದ ಮನೆಯಲ್ಲಿ ಹುಟ್ಟಿದ ನಾಲ್ವರು ಅಕ್ಕತಂಗಿಯರು. ಮೂರನೆಯವಳು ನಾನು. ನಾಲ್ಕನೆಯ ಹೆರಿಗೆಯಾದ ಮೇಲೆ ನಮ್ಮ ಅವ್ವನಿಗೆ ಹನ್ನೆರಡನೆಯ ದಿನದ ತೊಟ್ಟಿಲಿಗೂ ಹೊಸ ಸೀರೆ ಬರಲಿಲ್ಲ. ಅವ್ವ ಯಾರನ್ನೂ ದೂರಲಿಲ್ಲ, ತನ್ನದೇ ಏನೋ ಕೊರತೆ ಎಂದು ಕೊನೆಯತನಕ ನಂಬಿದ್ದಳು. ನಾನು ಬಿ.ಎಸ್ಸಿ. ಓದುವಾಗ ಹಾಳೆಯ ಮೇಲೆ ಎಕ್ಸ್, ವೈ ಬರೆದು ತೋರಿಸಿ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇದನ್ನು ನಿಮ್ಮ ಅಪ್ಪನ ಮುಂದೆ ಹೇಳಬೇಡ, ನೊಂದುಕೊಳ್ಳುತ್ತಾರೆ ಎಂದು ಹಾಳೆಯನ್ನು ಮಡಿಸಿ ಒಳಗಿಟ್ಟಳು. ಹುಳು ಎಣಿಸಿದ ಒಬ್ಬ ಹೆಂಗಸಿನ ಕೆಲಸ ಅವ್ವ ಹುಟ್ಟುವ ಮೊದಲೇ ಅಚ್ಚಾಗಿತ್ತು. ಅದು ನಮ್ಮ ಮನೆಯ ಹೊಸ್ತಿಲು ತಲುಪಲು ಅಷ್ಟು ಕಾಲ ಹಿಡಿಯಿತು. ನೆಟ್ಟಿಯವರ ಮೇಲೆ ನನಗೆ ಇಷ್ಟು ಅಭಿಮಾನ ಏಕೆಂದರೆ ಇದಕ್ಕೇ.

ಹೆಸರು ಯಾರಿಗೆ ಹೋಯಿತು

ಅದೇ 1905ರಲ್ಲಿ ಕೊಲಂಬಿಯಾದ ವಿಲ್ಸನ್ ಕೂಡ ಬೇರೆ ಕೀಟಗಳಲ್ಲಿ ಇದೇ ಪ್ರಶ್ನೆಯನ್ನು ಬಿಡಿಸುತ್ತಿದ್ದರು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ಮುಟ್ಟಿದರು. ವಿಲ್ಸನ್ ದೊಡ್ಡ ವಿದ್ವಾಂಸರು, ಸಜ್ಜನರು, ನೆಟ್ಟಿಯವರ ಕೆಲಸವನ್ನು ತಮ್ಮ ಬರಹದಲ್ಲಿ ಸ್ಮರಿಸಿದವರು. ಆದರೆ ಲಿಂಗ ನಿರ್ಧಾರದಲ್ಲಿ ಪರಿಸರಕ್ಕೂ ಪಾಲು ಇರಬಹುದು ಎಂಬ ಅನುಮಾನ ಅವರಿಗೆ ಆಗ ಇನ್ನೂ ಇತ್ತು. ವರ್ಣತಂತುವೇ ಕಾರಣ ಎಂದು ಹೆಚ್ಚು ಗಟ್ಟಿಯಾಗಿ ನಿಂತವರು ನೆಟ್ಟಿ. ಗುರು ಮಾರ್ಗನ್ ಅಂತೂ ಇನ್ನೂ ಹಲವು ವರ್ಷ ಈ ವಾದವನ್ನೇ ಒಪ್ಪಲಿಲ್ಲ. 1910ರಲ್ಲಿ ಅವರ ಪ್ರಯೋಗಾಲಯದ ಹಣ್ಣುನೊಣಗಳಲ್ಲಿ ಬಿಳಿಗಣ್ಣಿನ ಗಂಡು ನೊಣವೊಂದು ಕಾಣಿಸಿಕೊಂಡ ಮೇಲೆ ಅವರ ಮನಸ್ಸು ತಿರುಗಿತು. 1933ರಲ್ಲಿ, ಅನುವಂಶೀಯತೆಯಲ್ಲಿ ವರ್ಣತಂತುಗಳ ಪಾತ್ರವನ್ನು ತೋರಿಸಿದ್ದಕ್ಕೆ ಮಾರ್ಗನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪಠ್ಯಪುಸ್ತಕಗಳಲ್ಲಿ ಲಿಂಗ ನಿರ್ಧಾರದ ಕೀರ್ತಿ ಬಹುಕಾಲ ವಿಲ್ಸನ್ ಮತ್ತು ಮಾರ್ಗನ್ ಅವರ ನಡುವೆಯೇ ಹಂಚಿಹೋಯಿತು.

ನೆಟ್ಟಿ ಈ ಲೆಕ್ಕ ಹಾಕುತ್ತ ಕೂರಲಿಲ್ಲ. 1905ರಲ್ಲಿಯೇ ಮಹಿಳೆಯರ ವೈಜ್ಞಾನಿಕ ಸಂಶೋಧನೆಗೆ ಮೀಸಲಾದ ಎಲೆನ್ ರಿಚರ್ಡ್ಸ್ ಬಹುಮಾನ, ಸಾವಿರ ಡಾಲರ್, ಅವರಿಗೆ ಬಂತು. ಬ್ರಿನ್ ಮಾರ್‌ನಲ್ಲಿ ಪಾಠ ಹೇಳುತ್ತಲೇ ಒಂದರ ಹಿಂದೆ ಒಂದರಂತೆ ಸುಮಾರು ಐವತ್ತು ಬಗೆಯ ದುಂಬಿಗಳನ್ನೂ, ಹಲವು ನೊಣಗಳನ್ನೂ, ಸಸ್ಯಹೇನುಗಳನ್ನೂ ಪರೀಕ್ಷಿಸಿದರು. ಒಂದು ಹುಳುವಿನಲ್ಲಿ ಕಂಡದ್ದು ಎಲ್ಲ ಕಡೆಯೂ ನಿಲ್ಲುತ್ತದೆಯೇ ಎಂಬುದೇ ಅವರ ಚಿಂತೆ. 1908ರಲ್ಲಿ ಮತ್ತೆ ಜರ್ಮನಿಗೆ, ಬೊವೇರಿಯವರ ಬಳಿಗೆ. 1911ರಲ್ಲಿ ಗಿನಿಪಿಗ್ ಎಂಬ ಸಸ್ತನಿಯ ವರ್ಣತಂತುಗಳ ಬಗ್ಗೆ ಬರೆದರು. ಸಂಶೋಧನೆಗೆ ಸಿಕ್ಕ ಹನ್ನೊಂದು ಹನ್ನೆರಡು ವರ್ಷಗಳಲ್ಲಿ ಅವರು ಪ್ರಕಟಿಸಿದ ಲೇಖನಗಳು ನಲವತ್ತರ ಹತ್ತಿರ.

ಆಮೇಲೆ ಸ್ತನ ಕ್ಯಾನ್ಸರ್ ಬಂತು. ಅದೇ ಹೊತ್ತಿಗೆ ಬ್ರಿನ್ ಮಾರ್ ಕಾಲೇಜು ಅವರಿಗಾಗಿಯೇ ಒಂದು ಸಂಶೋಧನಾ ಪ್ರೊಫೆಸರ್ ಹುದ್ದೆಯನ್ನು ಸೃಷ್ಟಿಸಿತು. ಜೀವಮಾನವಿಡೀ ಬಯಸಿದ್ದ ಹುದ್ದೆ. ಆ ಕುರ್ಚಿಯಲ್ಲಿ ಅವರು ಕೂರಲಿಲ್ಲ. 1912ರ ಮೇ 4ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಐವತ್ತೊಂದು ತುಂಬಲು ಎರಡು ತಿಂಗಳಿರುವಾಗ, ತೀರಿಕೊಂಡರು. ಬೆಳೆದ ಊರು ವೆಸ್ಟ್‌ಫರ್ಡ್‌ನಲ್ಲಿಯೇ ಅವರ ಸಮಾಧಿ ಇದೆ.

ಮಾರ್ಗನ್ ಬರೆದ ಶ್ರದ್ಧಾಂಜಲಿಯಲ್ಲಿ ಅವರ ತಾಳ್ಮೆಯನ್ನು, ಏಕಾಗ್ರತೆಯನ್ನು, ಚುರುಕು ನೋಟವನ್ನು ಹೊಗಳಿದ್ದಾರೆ. ಹುಳು ಎಣಿಸಿದವರಲ್ಲಿ ತಾಳ್ಮೆ ಇತ್ತು, ಸರಿ. ಎಣಿಸಿದ್ದರ ಅರ್ಥವನ್ನು ಗುರುವಿಗಿಂತ ಮೊದಲೇ ಗ್ರಹಿಸಿದ ಬುದ್ಧಿಯೂ ಇತ್ತು ಎಂದು ನಾನು ತರಗತಿಯಲ್ಲಿ ಸೇರಿಸಿ ಹೇಳುತ್ತಿದ್ದೆ.

ಮನುಷ್ಯರ ವಿಷಯಕ್ಕೆ ಬಂದಾಗ

ನೆಟ್ಟಿ ನೋಡಿದ್ದು ಹೆಚ್ಚಾಗಿ ಕೀಟಗಳನ್ನು. ಮನುಷ್ಯರ ಜೀವಕೋಶದಲ್ಲಿ ವರ್ಣತಂತುಗಳು 46 ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದೇ 1956ರಲ್ಲಿ. ಒಂದೇ ಎಕ್ಸ್ ಇದ್ದು ವೈ ಇಲ್ಲದವರು ಹೆಣ್ಣಾಗಿಯೂ, ಎರಡು ಎಕ್ಸ್ ಜೊತೆಗೆ ಒಂದು ವೈ ಇದ್ದವರು ಗಂಡಾಗಿಯೂ ಬೆಳೆಯುತ್ತಾರೆ ಎಂಬುದು 1959ರಲ್ಲಿ ಗೊತ್ತಾಯಿತು. ಅಂದರೆ ಮನುಷ್ಯರಲ್ಲಿ ಗಂಡಾಗುವುದಕ್ಕೆ ವೈ ಬೇಕು, ಆ ವೈ ಬರುವುದು ತಂದೆಯಿಂದ ಮಾತ್ರ. ವೈ ಮೇಲೆ ಆ ಕೆಲಸ ಮಾಡುವ ವಂಶವಾಹಿಯನ್ನೇ 1990ರಲ್ಲಿ ಗುರುತಿಸಿದರು. ನಮ್ಮ ದೇಶದಲ್ಲಿ ಹೆಣ್ಣುಭ್ರೂಣವನ್ನು ಉಳಿಸಲು 1994ರಲ್ಲಿ ಲಿಂಗ ಪತ್ತೆ ನಿಷೇಧದ ಕಾಯ್ದೆಯನ್ನೇ ತರಬೇಕಾಯಿತು. ವಿಜ್ಞಾನ ಮುಗಿಸಿದ ಕೆಲಸವನ್ನು ಸಮಾಜ ಇನ್ನೂ ಮುಗಿಸಿಲ್ಲ.

ಇನ್ನು ಪಿಸಿಓಡಿ ವಿಷಯ. ಡಾಕ್ಟರುಗಳು ಈಗ ಹೆಚ್ಚಾಗಿ ಪಿಸಿಓಎಸ್ ಎನ್ನುತ್ತಾರೆ. ನಮ್ಮ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಬರುತ್ತದೆ, ಮಗಳ ಮದುವೆ ಗೊತ್ತುಮಾಡುವ ಹೊತ್ತಿನಲ್ಲಂತೂ ಪಿಸುಮಾತಿನಲ್ಲಿ ಬರುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರನ್ನು ಪರೀಕ್ಷಿಸಿ ಇದನ್ನು ವಿವರಿಸಿದರು, ಬಹುಕಾಲ ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರುವುದು, ಅಂಡಾಶಯದಲ್ಲಿ ಸಣ್ಣ ಸಣ್ಣ ಚೀಲಗಳ ಸಾಲು, ಈ ಮೂರರಲ್ಲಿ ಎರಡು ಇದ್ದು, ಥೈರಾಯ್ಡ್‌ನಂಥ ಬೇರೆ ಕಾರಣಗಳಿಲ್ಲ ಎಂದು ಖಚಿತವಾದರೆ ಪಿಸಿಓಎಸ್ ಎಂದು ಹೇಳುತ್ತಾರೆ.

ಇದು ಮನೆತನದಲ್ಲಿ ಬರುತ್ತದೆಯೇ? ಬರುತ್ತದೆ. ನೆದರ್‌ಲೆಂಡ್ಸ್‌ನ ಅವಳಿ ಸಹೋದರಿಯರನ್ನು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ 70 ಪಾಲನ್ನು ಅನುವಂಶೀಯತೆ ವಿವರಿಸುತ್ತದೆ ಎಂದು ಅದರಲ್ಲಿ ಕಂಡಿತು. ತಾಯಿಗಿದ್ದರೆ ಮಗಳಿಗೆ ನೂರಕ್ಕೆ 70 ಖಂಡಿತ ಎಂದು ಇದನ್ನು ಓದಿಕೊಳ್ಳಬಾರದು. ಅದು ಇಡೀ ಗುಂಪಿನ ಲೆಕ್ಕ, ಒಬ್ಬಳ ಜಾತಕವಲ್ಲ.

ಈಗ ಮುಖ್ಯ ಮಾತು. ಪಿಸಿಓಎಸ್‌ಗೆ ಒಂದೇ ವಂಶವಾಹಿ ಎಂಬುದಿಲ್ಲ. ಹಲವು ವಂಶವಾಹಿಗಳು ತಲಾ ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ, ಹುಳಿಗೆ ಬಿದ್ದ ಮಸಾಲೆಯ ಹಾಗೆ, ಯಾವುದೋ ಒಂದನ್ನು ಬೆರಳಿಟ್ಟು ತೋರಿಸಲಾಗದು. 2011ರಲ್ಲಿ ಚೀನಾದ ಸಂಶೋಧಕರು ಸಾವಿರಾರು ಹೆಂಗಸರ ರಕ್ತ ಪರೀಕ್ಷಿಸಿ, ಎರಡನೆಯ ಮತ್ತು ಒಂಬತ್ತನೆಯ ವರ್ಣತಂತುಗಳ ಮೇಲೆ ಇದಕ್ಕೆ ಸಂಬಂಧಿಸಿದ ಮೂರು ಜಾಗಗಳನ್ನು ಗುರುತಿಸಿದರು. ಒಂಬತ್ತನೆಯದರ ಮೇಲೆ ಇರುವುದು ಡಿಇಎನ್‌ಎನ್‌ಡಿ1ಎ ಎಂಬ ವಂಶವಾಹಿ. ಅಂಡಾಶಯದಲ್ಲಿ ಗಂಡು ಹಾರ್ಮೋನ್ ತಯಾರಿಸುವ ಕೋಶಗಳ ಚಟುವಟಿಕೆಯ ಮೇಲೆ ಇದರ ಒಂದು ರೂಪ ಪ್ರಭಾವ ಬೀರುತ್ತದೆ ಎಂದು ಆಮೇಲಿನ ಪ್ರಯೋಗಗಳಲ್ಲಿ ಕಂಡಿತು. ಮುಂದಿನ ವರ್ಷಗಳಲ್ಲಿ ಇಂಥ ಇನ್ನಷ್ಟು ಜಾಗಗಳು ಸಿಕ್ಕವು. ಕೆಲವು ಮುಟ್ಟಿನ ಹಾರ್ಮೋನುಗಳಿಗೆ, ಕೆಲವು ಇನ್ಸುಲಿನ್‌ಗೆ ಸಂಬಂಧಿಸಿದವು.

ಎರಡನೆಯದು, ಒಂಬತ್ತನೆಯದು ಎಂದೆನಲ್ಲ, ಇವು ಎಕ್ಸ್ ಅಲ್ಲ, ವೈ ಅಲ್ಲ. ಹೆಣ್ಣಿಗೂ ಗಂಡಿಗೂ ಸಮಾನವಾಗಿ ಇರುವ ಸಾಮಾನ್ಯ ವರ್ಣತಂತುಗಳು. ಮಗಳಿಗೆ ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ. ಆದ್ದರಿಂದ ಪಿಸಿಓಎಸ್‌ನ ಪಾಲು ತಂದೆಯ ಕಡೆಯಿಂದಲೂ ಬರಬಹುದು. ತಂದೆಗೆ ಅಂಡಾಶಯವಿಲ್ಲ, ಹಾಗಾಗಿ ಅವರಲ್ಲಿ ಅದು ಮುಟ್ಟಿನ ತೊಂದರೆಯಾಗಿ ಕಾಣುವಂತಿಲ್ಲ. ಇಂಥ ವಂಶವಾಹಿ ರೂಪಗಳು ಹೆಚ್ಚಿರುವ ಗಂಡಸರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ತಲೆಗೂದಲು ಉದುರುವುದು ಹೆಚ್ಚು ಎಂಬುದನ್ನು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ತಾಯಿಯ ತವರನ್ನು ಮಾತ್ರ ಕೆದಕುವವರಿಗೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ನನ್ನ ಪರಿಚಯದ ಮನೆಯೊಂದರಲ್ಲಿ ಮಗಳಿಗೆ ಪಿಸಿಓಎಸ್ ಎಂದು ತಿಳಿದ ದಿನ ಸೋದರತ್ತೆಯವರು, ನಮ್ಮ ಕಡೆ ಇಂಥದ್ದು ಇಲ್ಲವೇ ಇಲ್ಲ ಎಂದರು. ಅದೇ ಸೋದರತ್ತೆಯವರಿಗೆ ನಲವತ್ತರಲ್ಲಿಯೇ ಸಕ್ಕರೆ ಕಾಯಿಲೆ, ಅವರ ಅಣ್ಣನಿಗೂ ಸಕ್ಕರೆ. ಹುಡುಗಿಯ ತಾಯಿ ತಲೆ ತಗ್ಗಿಸಿ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಅಣ್ಣನ ಸಕ್ಕರೆಗೂ ಈ ಮಗಳ ಮುಟ್ಟಿಗೂ ನೇರ ಸಂಬಂಧ ಇದ್ದೇ ಇದೆ ಎಂದು ನಾನು ಹೇಳುವುದಿಲ್ಲ. ಇಲ್ಲವೇ ಇಲ್ಲ ಎಂದು ಅವರೂ ಹೇಳುವಂತಿಲ್ಲ.

ಹಾಗೆಂದು ಇನ್ನು ಮೇಲೆ ಅಪ್ಪಂದಿರನ್ನು ಕಟಕಟೆಗೆ ನಿಲ್ಲಿಸೋಣ ಎಂದಲ್ಲ. ಯಾವ ವರ್ಣತಂತು ಮಗುವಿಗೆ ಹೋಗಬೇಕು ಎಂದು ತಾಯಿಯೂ ಆರಿಸುವುದಿಲ್ಲ, ತಂದೆಯೂ ಆರಿಸುವುದಿಲ್ಲ. ಆರಿಸದ್ದಕ್ಕೆ ತಪ್ಪು ಹೊರಿಸುವುದು ನ್ಯಾಯವಲ್ಲ. ಮನೆಯ ಚರಿತ್ರೆ ಬೇಕಾಗಿರುವುದು ಚಿಕಿತ್ಸೆಗೆ. ಮಗಳನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಎರಡೂ ಕಡೆಯ ವಿವರ ಬರೆದುಕೊಂಡು ಹೋಗಿ. ಯಾರಿಗೆ ಸಕ್ಕರೆ, ಯಾರಿಗೆ ರಕ್ತದೊತ್ತಡ, ಯಾವ ಅತ್ತೆಗೆ, ಯಾವ ಚಿಕ್ಕಮ್ಮನಿಗೆ ಮುಟ್ಟಿನ ತೊಂದರೆ ಇತ್ತು, ಎಲ್ಲವನ್ನೂ. ಹುಡುಗಿಯ ಜೊತೆಗೆ ಅವಳ ಅಣ್ಣತಮ್ಮಂದಿರೂ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು. ವಂಶವಾಹಿ ಬಂದಿದೆ ಎಂದು ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಎಷ್ಟೋ ಜನರಲ್ಲಿ ಮುಟ್ಟು ಹದಕ್ಕೆ ಬರುತ್ತದೆ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, ಆದ್ದರಿಂದ ಹೆಚ್ಚು ತಿಂದದ್ದಕ್ಕೆ ಬಂತು ಎಂದು ಹುಡುಗಿಯ ತಟ್ಟೆಯನ್ನು ದಿಟ್ಟಿಸುವುದನ್ನೂ ಬಿಡೋಣ. ಔಷಧಿಗಳಿವೆ, ಸರಿಯಾದ ಚಿಕಿತ್ಸೆಯಿಂದ ಮಕ್ಕಳಾದವರು ಬಹಳ ಮಂದಿ ಇದ್ದಾರೆ.

ನೆಟ್ಟಿ ಸ್ಟೀವನ್ಸ್ ಅವರಿಗೆ ಪಿಸಿಓಎಸ್ ಎಂಬ ಹೆಸರು ಗೊತ್ತಿರಲಿಲ್ಲ, ಅದು ಬಂದದ್ದು ಅವರು ಹೋದ ಮೇಲೆ. ಆದರೆ ಯಾವ ಗುಣ ಯಾರಿಂದ ಬಂತು ಎಂದು ಕೇಳಿದಾಗ, ಊಹೆ ಬಿಟ್ಟು ವರ್ಣತಂತುಗಳನ್ನು ನೋಡಿ ಉತ್ತರಿಸುವ ದಾರಿಯನ್ನು ಹಾಕಿದವರಲ್ಲಿ ಅವರು ಮೊದಲಿಗರು. ಅಮೆರಿಕದ ರಾಷ್ಟ್ರೀಯ ಮಹಿಳಾ ಗೌರವ ಭವನದಲ್ಲಿ ಅವರ ಹೆಸರು ಸೇರಿದ್ದು 1994ರಲ್ಲಿ. 2016ರ ಜುಲೈ 7ರಂದು, ಅವರ ನೂರೈವತ್ತೈದನೆಯ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಮುಂದಿನ ಸಲ ಯಾರಾದರೂ ನಿಮ್ಮ ಮುಂದೆ ಬಾಣಂತಿಯನ್ನೋ, ಪಿಸಿಓಡಿ ಇರುವ ಹುಡುಗಿಯ ತಾಯಿಯನ್ನೋ ಆಡಿಕೊಂಡರೆ ಸುಮ್ಮನಿರಬೇಡಿ. ಹಿಟ್ಟಿನ ಹುಳುವಿನ ಕಥೆಯನ್ನು ಎರಡು ನಿಮಿಷದಲ್ಲಿ ಹೇಳಿಬಿಡಿ.